ದೋಣಿ ಇಲ್ಲದ ಡೋಣಿ

ವಿಜಯಪುರ ಬಿಟ್ಟು ಬಬಲೇಶ್ವರದ ದಾರಿ ಹಿಡಿದರೆ ಸಾರವಾಡದ ಹತ್ತಿರ ಒಂದು ಸೇತುವೆ ಸಿಗುತ್ತದೆ. ಬೇಸಿಗೆಯಲ್ಲಿ ಬಸ್ಸಿನ ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಕಾಣುವುದು ಜಾಲಿ ಕಂಟಿ, ಹೂಳು, ನಡುನಡುವೆ ಬೆಳ್ಳಗೆ ಉಪ್ಪೊಡೆದ ಮಣ್ಣು. ಒಮ್ಮೆ ಕರಾವಳಿಯ ಗೆಳೆಯನೊಬ್ಬ ಜೊತೆಗಿದ್ದ. ಹೊಳೆಯ ಹೆಸರು ಡೋಣಿ ಎಂದದ್ದೇ ತಡ, "ಇಲ್ಲಿ ದೋಣಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಮಾರಾಯ?" ಎಂದು ನಕ್ಕ. ಮುಂದಿನ ಸೀಟಿನ ಮುತ್ಯಾ ತಿರುಗಿ ನೋಡಿದರು. "ಇದರಾಗ ಮಂದಿ ಹೋಗಂಗಿಲ್ರಿ ಸರ, ಕಾಳು ಹೋಗ್ತಾವ" ಎಂದು, ಯಾರೂ ಕೇಳದಿದ್ದರೂ ಗಾದೆಯನ್ನೂ ಒಪ್ಪಿಸಿದರು: ಡೋಣಿ ಬೆಳೆದರ ಓಣೆಲ್ಲ ಜ್ವಾಳ.

ಗಾದೆಯ ಪಾಠ ಊರಿಗೊಂದು. ಕೆಲವರು ಜೋಳ ಎನ್ನುತ್ತಾರೆ, ಕೆಲವರು ಕಾಳು ಎನ್ನುತ್ತಾರೆ. ಬೆಳೆದರೆ ಅನ್ನುವ ಕಡೆ ಹರಿದರೆ ಅನ್ನುವವರೂ ಇದ್ದಾರೆ. ಡೋಣಿ ಸಾಲಿನ ಎರಿಭೂಮಿ ಒಂದು ಹಿಂಗಾರಿ ಕೈಹಿಡಿದರೆ ಸೀಮೆಗೆಲ್ಲ ಉಣ್ಣಲು ಸಾಕು ಎಂಬುದಕ್ಕೆ ಮಾತ್ರ ತಕರಾರಿಲ್ಲ. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟುವ ಈ ಹೊಳೆ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳನ್ನು ಹಾದು, ತಾಳಿಕೋಟೆಯ ಮಗ್ಗುಲಿನಿಂದ ಸಾಗಿ ಕೃಷ್ಣೆಯನ್ನು ಸೇರುತ್ತದೆ. ವರ್ಷದ ಬಹುಪಾಲು ಇದರ ನೀರು ಬಾಯಿಗೆ ಇಡಲಾರದಷ್ಟು ಸವಳು. ಮಳೆಗಾಲದ ಎರಡು ರಾತ್ರಿ ಮಾತ್ರ ಹೂಳು ತುಂಬಿದ ಪಾತ್ರದಲ್ಲಿ ಹಿಡಿಯಲಾರದೆ ಹೊಲಕ್ಕೆ ನುಗ್ಗುತ್ತದೆ. ಆಗ ತಾಳಿಕೋಟೆಯ ಹತ್ತಿರ ಹಡಗಿನಾಳದ ನೆಲಮಟ್ಟದ ಸೇತುವೆ ಮುಳುಗಿ, ದಾರಿ ಕಡಿಯುತ್ತದೆ. ಹೊಳೆಯ ಹೆಸರಿನಲ್ಲಿ ಡೋಣಿ, ದಂಡೆಯ ಊರಿನ ಹೆಸರಿನಲ್ಲಿ ಹಡಗು. ಪ್ರವಾಹ ಬಂದ ದಿನ ದಾಟಲು ಎರಡೂ ಇಲ್ಲ.

ನಮ್ಮ ಕಡೆ ಡೋಣಿ ಎಂದರೆ ಇನ್ನೊಂದು ವಸ್ತುವೂ ಇದೆ. ಬಾವಿಯ ಪಕ್ಕ, ಮನೆಯ ಮುಂದೆ, ದನಗಳಿಗೆ ನೀರು ಕುಡಿಸಲು ಇಟ್ಟ ಉದ್ದನೆಯ ಕಲ್ಲಿನ ತೊಟ್ಟಿ. ಕರಾವಳಿಯ ಗೆಳೆಯನಿಗೆ ದೋಣಿ ನೀರಿನ ಮೇಲೆ ಇರುವ ಮರ. ನನಗೆ ಡೋಣಿ ನೀರು ಒಳಗೆ ಇರುವ ಕಲ್ಲು. ಈ ಸೀಮೆಯ ಕಥೆ ಇದೇ. ಇಲ್ಲಿಯ ಜನ ನೀರಿನ ಮೇಲೆ ತಾವು ಸಾಗಿದ್ದು ಕಡಿಮೆ, ನೀರನ್ನು ಸಾಗಿಸಿದ್ದೇ ಹೆಚ್ಚು.

ವಿಜಯಪುರ ನಗರವೇ ಅದಕ್ಕೆ ಸಾಕ್ಷಿ. ವರ್ಷಕ್ಕೆ ಹೆಚ್ಚುಕಡಿಮೆ 600 ಮಿ.ಮೀ. ಮಳೆ ಬೀಳುವ, ಹತ್ತಿರದಲ್ಲಿ ಸಿಹಿನೀರಿನ ಹೊಳೆಯಿಲ್ಲದ ದಿಬ್ಬದ ಮೇಲೆ ಆದಿಲ್ ಶಾಹಿಗಳು ರಾಜಧಾನಿ ಕಟ್ಟಿ, 1686ರಲ್ಲಿ ಔರಂಗಜೇಬ ಬರುವವರೆಗೆ ಸುಮಾರು 200 ವರ್ಷ ಆಳಿದರು. ತೊರವಿಯ ಕಡೆಯಿಂದ ನೆಲದ ಒಳಗೇ ಸುರಂಗ ತೋಡಿ ನೀರು ತಂದರು. ಇರಾನಿನ ಕಾರೇಜ್ ಪದ್ಧತಿ ಅದು, ಬೀದರಿನಲ್ಲೂ ಇದೆ. ತೊರವಿಯ ಸುರಂಗ ಬಾವಡಿಯ ಹೆಸರಿನಲ್ಲೇ ಅದರ ಗುಟ್ಟಿದೆ. 1651ರಲ್ಲಿ ಮಹಮ್ಮದ್ ಆದಿಲ್ ಶಾಹ ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ಕೊಳವೆ ಒಡೆಯದಂತೆ ನೀರಿನ ಒತ್ತಡ ಇಳಿಸಲು, ಹೂಳು ತಳಕ್ಕೆ ಕೂರಲು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳು. ಇವತ್ತಿಗೂ ಕೆಲವು ಓಣಿಗಳಲ್ಲಿ ಅವು ನಿಂತಿವೆ. ಒಂದಕ್ಕೆ ಯಾರೋ ಮೊಬೈಲ್ ರೀಚಾರ್ಜಿನ ಫಲಕ ಕಟ್ಟಿದ್ದನ್ನು ನೋಡಿದ್ದೇನೆ.

ಅರಸರಿಗೆ ನೀರಿನ ನಡುವೆ ಕೂರುವ ಆಸೆ ಮಾತ್ರ ಬಹಳವಿತ್ತು. ಅರಕಿಲ್ಲೆಯ ಒಳಗೆ ಸಾತ್ ಮಂಜಿಲ್ ಎದುರಿಗಿನ ಪುಟ್ಟ ಜಲಮಂಜಿಲ್ ಒಂದು ಕಾಲಕ್ಕೆ ಕೊಳದ ನಡುವೆ ನಿಂತಿತ್ತು. ಈಗ ಅದರ ಸುತ್ತ ಹರಿಯುವುದು ಆಟೋ, ಟಂಟಂ. ಸಿಂದಗಿ ರಸ್ತೆಯ ಕುಮಟಗಿಯಲ್ಲಿ ಬೇಸಿಗೆ ಅರಮನೆಯ ಮಂಟಪಗಳು ಕೊಳದ ನಡುವೆ ಇವೆ. ಬರಗಾಲದ ನೆಲದಲ್ಲಿ ಸಿರಿವಂತಿಕೆ ತೋರಿಸಲು ಬಂಗಾರಕ್ಕಿಂತ ನೀರು ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಎಲ್ಲಕ್ಕಿಂತ ದೊಡ್ಡದು ತಾಜ್ ಬಾವಡಿ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, 1620ರಲ್ಲಿ, ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿದ್ದು. ಸುಮಾರು 223 ಅಡಿಯ ಚೌಕ. ಅದನ್ನು ಬಾವಿ ಎನ್ನಲು ನಾಲಿಗೆ ತಡೆಯುತ್ತದೆ. ಎರಡು ಬುರುಜುಗಳ ನಡುವಿನ ದೊಡ್ಡ ಕಮಾನು ದಾಟಿ ಪಾವಟಿಗೆ ಇಳಿದರೆ ನೀರು. ಅಕ್ಕಪಕ್ಕ ದಾರಿಹೋಕರು ತಂಗಲು ಕೋಣೆಗಳು. ಒಂದು ತಲೆಮಾರಿನ ವಿಜಯಪುರದ ಹುಡುಗರು ಈಸಲು ಕಲಿತದ್ದು ಇಂಥ ಬಾವಡಿಗಳಲ್ಲೇ. ನಾನು ಕಲಿತದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಕಾಕಾ ಮೇಲಿನಿಂದ ಹಗ್ಗ ಹಿಡಿದಿರುತ್ತಿದ್ದರು. ಬೆಂಡು ಬಿಚ್ಚಿದ ದಿನ ಅವರು ಹೇಳಿದ್ದು ಒಂದೇ ಮಾತು: "ತಮ್ಮಾ, ಪಾವಟಿಗಿ ಎಲ್ಲಿ ಅದಾವ ನೋಡ್ಕೊಂಡ ಜಿಗಿ." ಬಾವಡಿ ಕಟ್ಟಿದವರಿಗೂ ಆ ತಿಳಿವಳಿಕೆ ಇತ್ತು: ಇಳಿಯಲು ಎಷ್ಟು ಮೆಟ್ಟಿಲೋ ಏರಿ ಬರಲು ಅಷ್ಟೇ ಮೆಟ್ಟಿಲು. ಈ ಮಾತಿಗೆ ಆಮೇಲೆ ಬರುತ್ತೇನೆ.

ನಿಜವಾದ ದೋಣಿ ಬೇಕೆಂದರೆ ದಕ್ಷಿಣಕ್ಕೆ, ಕೃಷ್ಣೆಯ ಕಡೆಗೆ ಹೋಗಬೇಕು. ಡೋಣಿ ಸಾಲು ಮುಗಿದು ಹೊಳಿಸಾಲು ಶುರುವಾಗುವ ಕಡೆ. ಬಬಲೇಶ್ವರ ತಾಲ್ಲೂಕಿನ ತೆಂಕಣ ಅಂಚು ಕೃಷ್ಣೆ. ಇತ್ತ ಚಿಕ್ಕಗಲಗಲಿ, ಅತ್ತ ಬೀಳಗಿ ತಾಲ್ಲೂಕಿನ ಗಲಗಲಿ. ಸೇತುವೆ, ಬ್ಯಾರೇಜು ಇಲ್ಲದ ಕಾಲಕ್ಕೆ ಮದುವೆಯ ದಿಬ್ಬಣ, ಸಂತೆಯ ಗಂಟು, ತವರಿಗೆ ಹೊರಟ ಬಾಣಂತಿ ಎಲ್ಲರೂ ಅಂಬಿಗರ ಹರಗೋಲು ಹತ್ತಲೇಬೇಕಿತ್ತು. ಕೂಲಿ ರೊಕ್ಕದಲ್ಲೇ ಇರಬೇಕೆಂದಿರಲಿಲ್ಲ. ರಾಶಿಯ ಕಾಲಕ್ಕೆ ಕಣದಲ್ಲಿ ಕಾಳು ಅಳೆದು ಕೊಡುವ ಪದ್ಧತಿಯನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಸರಕಾರಕ್ಕೂ ಇದರ ಮೇಲೆ ಕಣ್ಣಿತ್ತು: ಈ ಜಿಲ್ಲೆ ಆಗ ಸೇರಿದ್ದ ಮುಂಬೈ ಪ್ರಾಂತ್ಯ ಹೊಳೆ ದಾಟಿಸುವ ಕಡವುಗಳಿಗೆಂದೇ 1868ರಲ್ಲಿ ಕಾಯ್ದೆ ಮಾಡಿತ್ತು. ಅಂಬಿಗರ ಪಾಲಿಗೆ ಮಾತ್ರ ಕಾಯ್ದೆಗಿಂತ ದೊಡ್ಡ ಹೆಸರು 12ನೇ ಶತಮಾನದ ಚೌಡಯ್ಯನದು. ಹುಟ್ಟು ಹಾಕುವ ಕಾಯಕದವನು ಶರಣರ ಸಾಲಿನಲ್ಲಿ ಕೂತು, ಯಾರಿಗೂ ಅಂಜದೆ ಮಾತನಾಡಿದವನು.

ಹರಗೋಲಿನ ಕಟ್ಟು ಸರಳ. ಬಿದಿರ ಸೀಳುಗಳನ್ನು ದೊಡ್ಡ ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸುವುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪೇಸ್ ತುಂಗಭದ್ರೆಯಲ್ಲಿ ಕಂಡದ್ದೂ ಇದನ್ನೇ. ಬುಟ್ಟಿಯಂತೆ ದುಂಡಗಿನ ದೋಣಿಯಲ್ಲಿ 15–20 ಜನ ಹಿಡಿಸುತ್ತಾರೆ ಎಂದು ಬರೆದಿಟ್ಟ. ಅವನಿಗಿಂತ 2000 ವರ್ಷ ಹಿಂದೆ ಗ್ರೀಕರ ಹೆರೊಡೋಟಸ್ ಬ್ಯಾಬಿಲೋನಿನಲ್ಲಿ ಇಂಥದೇ ತೊಗಲ ದೋಣಿ ಕಂಡು ಬೆರಗಾಗಿದ್ದ. ಅಲ್ಲಿಯ ವ್ಯಾಪಾರಿಗಳು ದೋಣಿಯಲ್ಲಿ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ಬರುತ್ತಿದ್ದರಂತೆ. ಹೊಳೆಯ ಸೆಳವಿಗೆ ಎದುರಾಗಿ ವಾಪಸು ಹೋಗಲಾಗದು. ಸರಕು ಮಾರಿ, ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರಿಗೆ. ನಮ್ಮ ಅಂಬಿಗರಿಗೆ ಅಷ್ಟು ದೂರದ ವ್ಯಾಪಾರವಿರಲಿಲ್ಲ. ಈ ದಂಡೆಯಿಂದ ಆ ದಂಡೆ, ಅಷ್ಟೇ. ಹಾಗಾಗಿ ಕತ್ತೆ ಬೇಕಾಗಲಿಲ್ಲ.

ತೊಗಲಿನ ವಿಷಯಕ್ಕೆ ಇನ್ನೊಂದು ಮಾತು. ಹೊಳೆಯ ದಂಡೆಯಲ್ಲಿ ಹರಗೋಲಾದ ಅದೇ ತೊಗಲು, ನಾಲ್ಕು ಹರದಾರಿ ಈಚೆ ಬಬಲೇಶ್ವರ, ತಿಕೋಟಾದ ಹೊಲಗಳಲ್ಲಿ ನೀರೆತ್ತುವ ಕಪಲಿಯಾಗಿ ಬಾವಿಗೆ ಇಳಿಯುತ್ತಿತ್ತು. ಅಲ್ಲಿ ನೀರು ಒಳಗೆ ಬರದಂತೆ ಹೊಲಿಯಬೇಕು, ಇಲ್ಲಿ ನೀರು ಹೊರಗೆ ಹೋಗದಂತೆ ಹೊಲಿಯಬೇಕು.

ಈಗ ಒಂದು ತಮಾಷೆ. 2016ರಲ್ಲಿ ಸಂಸತ್ತು ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆ ಮಾಡಿ ದೇಶದಲ್ಲಿ 111 ಜಲಮಾರ್ಗಗಳನ್ನು ಪಟ್ಟಿ ಮಾಡಿತು. ಅದರಲ್ಲಿ ನಾಲ್ಕನೆಯದು ಆಂಧ್ರ, ತಮಿಳುನಾಡುಗಳ ಕಾಲುವೆಗಳು, ಗೋದಾವರಿ, ಕೃಷ್ಣೆಗಳನ್ನು ಸೇರಿಸಿದ್ದು. ಅದರಲ್ಲೊಂದು ಸಾಲು: ಕೃಷ್ಣಾ ನದಿ, ತೆಲಂಗಾಣದ ವಜೀರಾಬಾದಿನಿಂದ ಗಲಗಲಿಯವರೆಗೆ, 628 ಕಿ.ಮೀ. ಹೌದು, ಇದೇ ಗಲಗಲಿ. ಮಧ್ವ ಪಂಡಿತರ ಮನೆತನಗಳಿಗೆ, 18ನೇ ಶತಮಾನದ ಕವಯಿತ್ರಿ ಗಲಗಲಿ ಅವ್ವನಿಗೆ ಹೆಸರಾದ ಊರು. ಕಾಗದದ ಪ್ರಕಾರ ಬಬಲೇಶ್ವರದ ಎದುರುದಂಡೆಗೆ ರಾಷ್ಟ್ರೀಯ ಜಲಮಾರ್ಗ ಬಂದು ಮುಟ್ಟಿ ಹತ್ತು ವರ್ಷದ ಹತ್ತಿರವಾಯಿತು. ಅಲ್ಲಿ ಚಹಾ ಕುಡಿಯುತ್ತ ಕೇಳಿದೆ. ಅಂಗಡಿಯವರು ಗ್ಲಾಸು ತೊಳೆಯುತ್ತಲೇ, "ಹೈವೇ ಆಗ್ತದಂತೇನ್ರಿ?" ಅಂದರು. ನೀರಿನ ಹೈವೇ ಎಂದೆ. "ನಮ್ಮಲ್ಲಿ ನೀರ ಇರೂದ ಆರ ತಿಂಗಳ" ಎಂದು ಮುಗಿಸಿದರು.

ಗಲಗಲಿಯಲ್ಲಿ ದೋಣಿ ಹತ್ತಿ ಕೆಳಗೆ ಹೊರಟವನಿಗೆ ಮೊದಲು ಅಡ್ಡ ಬರುವುದು ಆಲಮಟ್ಟಿ. ಆಮೇಲೆ ನಾರಾಯಣಪುರದ ಬಸವಸಾಗರ, ತೆಲಂಗಾಣದ ಜುರಾಲಾ, ಶ್ರೀಶೈಲ, ನಾಗಾರ್ಜುನ ಸಾಗರ. ಆಲಮಟ್ಟಿಯಾಗಲಿ ನಾರಾಯಣಪುರವಾಗಲಿ ದೋಣಿಯನ್ನು ಮೇಲಿನಿಂದ ಕೆಳಗೆ ಇಳಿಸುವ ಕಟ್ಟೆಗಳಲ್ಲ. ನೀರು ಹಿಡಿಯಲು, ವಿದ್ಯುತ್ತಿಗೆ ಕಟ್ಟಿದವು. ಕಾಯ್ದೆ ಬರೆದವರು ನಕಾಶೆಯಲ್ಲಿ ನೀಲಿ ಗೆರೆ ನೋಡಿದರು, ಅಡ್ಡಗೆರೆಗಳನ್ನು ನೋಡಲಿಲ್ಲ. ಇದು ನನ್ನ ತೀರ್ಪು. ಬೇರೆಯವರು ಬೇರೆ ಹೇಳಬಹುದು.

ಚಹಾದಂಗಡಿಯ ಆರು ತಿಂಗಳ ಲೆಕ್ಕ ಹಳೆಯ ನೋವು. ಬ್ಯಾರೇಜುಗಳಿಗೆ ಮೊದಲು ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರದಲ್ಲಿ ಒರತೆ ತೋಡಿ ಕೊಡ ತುಂಬಬೇಕಿತ್ತು. ಅದಕ್ಕೆ ಬೇಸತ್ತೇ ಜಮಖಂಡಿ ಸೀಮೆಯ ರೈತರು ಸರಕಾರದ ದಾರಿ ಕಾಯದೆ, ವಂತಿಗೆ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ತಾವೇ ಬ್ಯಾರೇಜು ಕಟ್ಟಿದರು. ಹೆಸರು ಶ್ರಮಬಿಂದು ಸಾಗರ. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಜನ ಅವರನ್ನು ಬ್ಯಾರೇಜ್ ಸಿದ್ದು ಎಂದೇ ಕರೆದರು. 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ, ಕೇಂದ್ರದಲ್ಲಿ ಮಂತ್ರಿಯೂ ಆದರು. ಬ್ಯಾರೇಜಿನಲ್ಲಿ ನಿಂತ ನೀರು ಎಷ್ಟು ದೂರ ಹರಿಯಿತು ಎನ್ನುವುದಕ್ಕೆ ಇದಕ್ಕಿಂತ ಅಳತೆ ಬೇಡ.

ಆಮೇಲೆ ಬಂದದ್ದು ಆಲಮಟ್ಟಿ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದ್ದು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. ನಡುವೆ ನಾಲ್ಕು ದಶಕ. ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನೀರು ನಿಲ್ಲತೊಡಗಿದ ಮೇಲೆ ಈ ಸೀಮೆ ಮೊದಲ ಬಾರಿಗೆ ದಂಡೆ ಕಾಣದ ನೀರನ್ನು ನೋಡಿತು. ಗಡಿಗೆ ಮೊಸರಿಗೆ ಹೆಸರಾದ ಹಳೆಯ ಕೊಲ್ಹಾರ ಮುಳುಗಿತು, ಊರು ಮೇಲೆ ಬಂದು ಕೂತಿತು. ಮೊಸರಿನ ಹೆಸರು ಮುಳುಗಲಿಲ್ಲ. ಇವತ್ತಿಗೂ ವಿಜಯಪುರ–ಬಾಗಲಕೋಟೆ ಬಸ್ಸು ನಿಂತರೆ ಗಡಿಗೆಗಳು ಕಿಟಕಿಗೆ ಬರುತ್ತವೆ. ಅಲ್ಲಿಂದ ಕೊರ್ತಿಯವರೆಗೆ ಹಿನ್ನೀರಿನ ಮೇಲೆ ಮೂರು ಕಿ.ಮೀ. ಆಸುಪಾಸಿನ ಸೇತುವೆ. ನಸುಕಿನಲ್ಲಿ ಅದರ ಮೇಲಿಂದ ನೋಡಿದರೆ ನೀರಿನ ಮೇಲೆ ಕರಿ ಚುಕ್ಕೆಗಳು: ಬಲೆ ಎತ್ತುತ್ತಿರುವ ತೆಪ್ಪಗಳು. ತೊಗಲು ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ, ಬಿದಿರು ಹೋಗಿ ಕೆಲವಕ್ಕೆ ಫೈಬರ್ ಬಂದಿದೆ. ಆಕಾರ ಮಾತ್ರ ಪೇಸ್ ನೋಡಿದ್ದೇ. ಒಬ್ಬ ಹುಟ್ಟು ಹಾಕಿದರೆ ಇನ್ನೊಬ್ಬ ಬಲೆ ಎಳೆಯುತ್ತಾನೆ. ಆಷಾಢದ ಗಾಳಿ ಎದ್ದರೆ ಹಿನ್ನೀರಿನಲ್ಲಿ ಕಡಲಿನಂತೆ ತೆರೆ. ಹೊಳೆಯ ಸೆಳವಿಗೆ ಒಗ್ಗಿದ್ದ ದುಂಡು ದೋಣಿಗೆ ಆ ತೆರೆ ಹೊಸದು.

ನಮ್ಮ ಒಣನೆಲದವರಿಗೆ ಕೊನೆಗೆ ಹೊಳೆಯೇ ಬೇಕು. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ತೀರಿಕೊಳ್ಳುವ ಮೊದಲೇ ಗದ್ದುಗೆ ಬೇಡ, ಸ್ಮಾರಕ ಬೇಡ ಎಂದು ಬರೆದಿಟ್ಟಿದ್ದರು. ಬೂದಿಯನ್ನು ಕೃಷ್ಣೆ–ಮಲಪ್ರಭೆ ಕೂಡುವ ಕೂಡಲಸಂಗಮದಲ್ಲೂ ಗೋಕರ್ಣದ ಕಡಲಲ್ಲೂ ಬಿಟ್ಟರು.

ಇನ್ನು ತಿಕೋಟಾ. ದ್ರಾಕ್ಷಿಯ ಸೀಮೆ. ಬರ ಬಿದ್ದ ವರ್ಷಗಳಲ್ಲಿ ಇಲ್ಲಿ ಬಳ್ಳಿ ಉಳಿಸಲು ಟ್ಯಾಂಕರ್‌ಗಳಲ್ಲಿ ನೀರು ಹೊತ್ತವರಿಗೆ ಲೆಕ್ಕವಿಲ್ಲ. ಮನೆಯಲ್ಲಿ ಕೊಡಕ್ಕೆ ನೀರಿಲ್ಲ, ತೋಟದಲ್ಲಿ ಬಳ್ಳಿಗೆ ನೀರುಂಟು. ಬಳ್ಳಿ ಒಣಗಿದರೆ ಸಾಲ ಒಣಗುವುದಿಲ್ಲವಲ್ಲ. ಈಗ ಚಿತ್ರ ಬದಲಾಗಿದೆ. ತುಬಚಿ–ಬಬಲೇಶ್ವರ ಏತ ನೀರಾವರಿ ಕವಟಗಿಯ ಹತ್ತಿರ ಕೃಷ್ಣೆಯಿಂದ 6.3 ಟಿಎಂಸಿ ನೀರನ್ನು ಎತ್ತಿ ಈ ದಿಬ್ಬಗಳಿಗೆ ತರುವ ಯೋಜನೆ. ಮುಳವಾಡ ಏತ ನೀರಾವರಿ ಆಲಮಟ್ಟಿಯ ಹಿನ್ನೀರನ್ನು ಎತ್ತುತ್ತದೆ. ನಗರದ ಉತ್ತರಕ್ಕೆ ತಿಡಗುಂದಿಯಲ್ಲಿ ಸುಮಾರು 14.7 ಕಿ.ಮೀ. ಕಂಬಗಳ ಮೇಲೆ ಕಾಲುವೆಯೇ ನಡೆದು ಹೋಗುತ್ತದೆ. ವಿಜಯಪುರ ನಗರ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಆಲಮಟ್ಟಿಯ ನೀರು ಇಲ್ಲಿಗೆ ಬರಬೇಕಾದರೆ 80 ಮೀಟರ್ ಏರಬೇಕು. ದೋಣಿ ಏರಲಾರದ್ದನ್ನು ಕರೆಂಟು ಏರಿಸುತ್ತಿದೆ. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮಹಮ್ಮದ್ ಆದಿಲ್ ಶಾಹನ ಕಾಲದ ಎರಡು ಕೆರೆಗಳಿಗೂ ಈಗ ಮಳೆಯ ಹಂಗಿಲ್ಲದ ನೀರು.

ಹೀಗೆ 20 ವರ್ಷದೊಳಗೆ, ಹೊಳೆ ಕಾಣದ ಊರುಗಳಲ್ಲಿ ಆಳದ ನೀರು ಬಂದು ನಿಂತಿದೆ. ಕೆರೆ ತುಂಬಿದಲ್ಲೆಲ್ಲ "ಬೋಟಿಂಗ್ ಮಾಡ್ರಿ" ಎಂಬ ಬೇಡಿಕೆ. ಬೇಡ ಎನ್ನಲಾರೆ. ಆಲಮಟ್ಟಿಯ ಉದ್ಯಾನದ ಕೊಳದಲ್ಲಿ ಪೆಡಲ್ ತುಳಿಯುವ ಮಕ್ಕಳ ಮುಖ ನೋಡಿದವನಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಈ ಭಾಗದ ಎಷ್ಟೋ ಹುಡುಗರು ದುಡಿಯಲು ಗೋವಾ, ಮಲ್ಪೆ, ರತ್ನಾಗಿರಿಗೆ ಹೋಗಿ ಕಡಲಲ್ಲಿ ಬೋಟಿನ ಕೆಲಸ ಕಲಿತಿದ್ದಾರೆ; ಅವರಿಗೆ ತಮ್ಮೂರ ಕೆರೆಯಲ್ಲಿ ಹುಟ್ಟು ಹಿಡಿಯುವ ಕೆಲಸ ಸಿಕ್ಕರೆ ನನಗೂ ಸಂತೋಷ.

ಆದರೆ ನನ್ನ ಕಣ್ಣು ಕೆರೆಯ ಮೇಲಲ್ಲ, ತಿಕೋಟಾ ದಾರಿಯ ಕೃಷಿಹೊಂಡಗಳ ಮೇಲಿದೆ. ಕೆಲವು ಹೊಂಡ ಎನ್ನಲಾರದಷ್ಟು ದೊಡ್ಡವು, ಎಕರೆಗಟ್ಟಲೆ ಹರಡಿದವು. ನೀರು ಇಂಗದಂತೆ ತಳದಿಂದ ದಂಡೆಯವರೆಗೆ ಕರಿ ಪ್ಲಾಸ್ಟಿಕ್ ಹಾಳೆ. ಹಾಳೆಯ ಮೇಲೆ ಪಾಚಿ. ಅದರ ಮೇಲೆ ಕಾಲಿಟ್ಟವನು ಜಾರಿ ಒಳಗೆ ಹೋಗುತ್ತಾನೆ. ಈಸು ಬಂದರೂ ದಂಡೆ ಹತ್ತಲಾಗದು, ಹಿಡಿಯಲು ಒಂದು ಹುಲ್ಲುಕಡ್ಡಿ ಇರುವುದಿಲ್ಲ. ಸಿಮೆಂಟಿನ ಕೆನಾಲಿನ ಇಳಿಜಾರೂ ಹಾಗೆಯೇ, ಅಲ್ಲಿ ಸೆಳವು ಬೇರೆ. ಕುರಿ ಕಾಯುವ ಹುಡುಗ, ಫುಟ್‌ವಾಲು ನೋಡಲು ಹೋದ ಆಳು, ಬಟ್ಟೆ ಒಗೆಯಲು ಬಂದ ತಾಯಿ, ಅವಳ ಹಿಂದೆ ಬಂದ ಕೂಸು: ಸುದ್ದಿಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುವವರು ಇವರೇ. 400 ವರ್ಷ ಹಿಂದಿನ ತಾಜ್ ಬಾವಡಿಗೆ ಪಾವಟಿಗೆ ಉಂಟು. ಹೋದ ವರ್ಷ ತೋಡಿದ ಹೊಂಡಕ್ಕೆ ಇಲ್ಲ. ನೀರು ಬಂತು, ನೀರಿನ ಜೊತೆ ಬಾಳುವ ರೂಢಿ ಅದರ ಹಿಂದೆ ಪೈಪಿನಲ್ಲಿ ಬರಲಿಲ್ಲ.

ತಿಕೋಟಾದ ಹತ್ತಿರ ಒಂದು ತೋಟದಲ್ಲಿ ಮಾತ್ರ ಬೇರೆ ಕಂಡೆ. ಹೊಂಡದ ನಾಲ್ಕೂ ಮಗ್ಗುಲಿಗೆ ಗಂಟು ಹಾಕಿದ ದಪ್ಪ ಹಗ್ಗ ನೀರಿನವರೆಗೆ ಇಳಿಬಿಟ್ಟಿದ್ದರು. ದಂಡೆಯ ಗೂಟಕ್ಕೆ ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬು ಕಟ್ಟಿತ್ತು. ಮೋಟರಿನ ಪೈಪು ಸರಿಮಾಡಲು ಅದರ ಮೇಲೆಯೇ ಕೂತು ಹೋಗುತ್ತಾರಂತೆ. "ಇದ ನಮ್ಮ ಡೋಣಿ ನೋಡ್ರಿ ಸರ" ಎಂದು ತೋಟದ ಯಜಮಾನರು ನಕ್ಕರು.

ನಿಮ್ಮ ಹೊಲದಲ್ಲಿ ಹಾಳೆ ಹಾಸಿದ ಹೊಂಡವಿದ್ದರೆ, ಒಂದು ಹಳೆಯ ಟ್ಯೂಬು, 50 ಅಡಿ ಹಗ್ಗ ಸಾಕು. ಕೆನಾಲಿಗೆ ಈ ಸಲದ ನೀರು ಬಿಡುವ ಮೊದಲು ಕಟ್ಟಿಬಿಡಿ.